ಬೆಳ್ಳುಳ್ಳಿ ವಾಸನೆಯ ಗದ್ದೆ

"ನನ್ನ ಕುರಿ ಏನು ಬೆಳ್ಳುಳ್ಳಿ ತಿಂತಾವಾ ಪಾಲಪ್ಪಣ್ಣ?"

ಕರಿಯಕ್ಕ ಇದನ್ನು ಜಗಳದ ದನಿಯಲ್ಲಿ ಕೇಳಲಿಲ್ಲ. ಗದ್ದೆಯ ಬದುವಿನ ಮೇಲೆ ಕಾಲು ಚಾಚಿ ಕೂತು, ಮೊಣಕಾಲನ್ನು ಎರಡೂ ಕೈಯಿಂದ ನೀವಿಕೊಳ್ಳುತ್ತ, ಸಾಕಾಗಿ ಹೋದವರ ದನಿಯಲ್ಲಿ ಕೇಳಿದಳು.

"ತಿಂತಾವೋ ಇಲ್ವೋ ನಂಗೇನು ಗೊತ್ತು. ವಾಸ್ನೆ ಬರ್ತದೋ ಇಲ್ವೋ, ಅದನ್ನ ಹೇಳು," ಎಂದ ಪಾಲಪ್ಪ.

ಅವನು ಮೊಣಕಾಲುದ್ದ ಬೆಳೆದ ಭತ್ತದ ಪೈರಿನ ನಡುವೆ ಕೆಸರಿನಲ್ಲಿ ನಿಂತಿದ್ದ. ಕಾಲು ಎತ್ತಿಟ್ಟ ಕಡೆಯೆಲ್ಲ ಕೆಸರಿನಿಂದ ಗುಳ್ಳೆ ಏಳುತ್ತಿತ್ತು, ಗುಳ್ಳೆ ಒಡೆದಾಗೆಲ್ಲ ಬೆಳ್ಳುಳ್ಳಿ ಜಜ್ಜಿದ ಹಾಗೆ ವಾಸನೆ ಬರುತ್ತಿತ್ತು. ಕರಿಯಕ್ಕನ ಮೂಗೇನು ಸತ್ತಿರಲಿಲ್ಲ, ವಾಸನೆ ಇಲ್ಲ ಎಂದು ಅವಳು ಹೇಗೆ ಹೇಳಿಯಾಳು? ಬದುವಿನ ಆ ಕಡೆ ಕಳೆ ಕೀಳುತ್ತಿದ್ದ ಪಾಲಪ್ಪನ ಹೆಂಡತಿ ಓಬಕ್ಕ ತಲೆ ಎತ್ತದೆಯೇ, ಹೋದ ವರ್ಷದ ಬೇಸಿಗೆಯಲ್ಲಿ ಇವರ ಮಂದೆಯವರು ಇದೇ ಗದ್ದೆಯಲ್ಲಿ ಮೂರು ಕಲ್ಲು ಹೂಡಿ ದಿನಾ ಬೆಳ್ಳುಳ್ಳಿ ಖಾರ ಅರೆದು ತಿಂದು, ಅದರ ಸಿಪ್ಪೆಯನ್ನೆಲ್ಲ ಇಲ್ಲೇ ಹೂತು ಹೋಗಿರಬೇಕು ಎಂದಳು. ಕರಿಯಕ್ಕನ ಮೈದುನ ಮುದ್ದಪ್ಪ ಅದಕ್ಕೆ ನಕ್ಕುಬಿಟ್ಟ. "ಬೆಳ್ಳುಳ್ಳಿ ಅರೆಯೋವಷ್ಟು ಅನುಕೂಲ ಇದ್ದಿದ್ರೆ ನಾವ್ಯಾಕೆ ಓಬಕ್ಕ ನಿಮ್ಮ ಗದ್ದೇಲಿ ಮಲಗ್ತಿದ್ದೊ?" ಎಂದ. ಓಬಕ್ಕ ನಗಲಿಲ್ಲ.

ಇದು ಕಳ್ಳಂಬೆಳ್ಳದ ಕೆರೆಯ ಕೆಳಗಿನ ಮಾತು, ಆಗಿನ್ನೂ ಮೈಸೂರು ಮಹಾರಾಜರ ಕಾಲ. ಕರಿಯಕ್ಕನದು ಶಿರಾದ ಕಡೆಯ ಒಂದು ಗೊಲ್ಲರ ಹಟ್ಟಿ. ಅವಳ ಬದುಕು ಏನು ಅಂತ ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ನಡಿಗೆ. ಮದುವೆಯಾಗಿ ಬಂದ ಮಾರನೆ ತಿಂಗಳೇ ಗಂಡ ಕ್ಯಾತಣ್ಣನ ಹಿಂದೆ, ಕುರಿಯ ಹಿಂದೆ, ಕತ್ತೆಯ ಮೇಲೆ ಪಾತ್ರೆ ಪಡಗ ಹೇರಿಕೊಂಡು ಹೊರಟವಳು ಇನ್ನೂ ನಿಂತಿರಲಿಲ್ಲ. ರಾಗಿ ಕೊಯ್ಲು ಮುಗಿಯುತ್ತಿದ್ದ ಹಾಗೆ ಶಿರಾದಿಂದ ಮಧುಗಿರಿ, ಅಲ್ಲಿಂದ ಪುರವರ, ಕೊರಟಗೆರೆ, ಮತ್ತೆ ಬೆಟ್ಟ ಬಳಸಿಕೊಂಡು ಪಾವಗಡದ ಸೀಮೆ. ಅಲ್ಲಿಯ ರೈತರು "ರಾವಮ್ಮಾ ಕರಿಯಕ್ಕಾ" ಎಂದು ತೆಲುಗಿನಲ್ಲಿ ಕರೆಯುತ್ತಿದ್ದರು. ಕರೆಯುತ್ತಿದ್ದದ್ದು ಮಂದೆ ತರುಬಲಿಕ್ಕೆ. ತರುಬುವುದು ಅಂದರೆ ಕುರಿಗಳನ್ನು ರಾತ್ರಿ ಒಬ್ಬ ರೈತನ ಹೊಲದಲ್ಲಿ ಕೂಡಿ ಮಲಗಿಸುವುದು. ಹಿಕ್ಕೆ, ಗಂಜಲ ಎಲ್ಲ ಅಲ್ಲೇ ಬಿದ್ದು ಹೊಲಕ್ಕೆ ಗೊಬ್ಬರವಾಗುತ್ತದೆ, ಮಂದೆಯವರಿಗೆ ಅಷ್ಟು ರಾಗಿ ಸಿಗುತ್ತದೆ. ಅವರ ವರ್ಷದ ಊಟವೇ ಅದು. ರೈತರ ಹೆಂಗಸರು ಎಲೆ ಅಡಿಕೆ ಕೊಟ್ಟು ಕರೆದರೆ ಮಾತ್ರ ಹೋಗುವುದು, ಕರೆಯದ ಹೊಲಕ್ಕೆ ಕುರಿಯ ಗೊರಸು ಇಡಕೂಡದು. ಹೀಗಾಗಿ ಮಂದೆಯವರಿಗೆ ಇರುವ ಆಸ್ತಿ ಒಂದೇ, ಆ ಮಂದೆಯ ಹೆಸರು. ಕರಿಯಕ್ಕನ ಮಂದೆ ಕೂತ ಹೊಲ ಎರಡು ವರ್ಷ ಗೊಬ್ಬರ ಕೇಳುವುದಿಲ್ಲ ಅಂತ ನಾಲ್ಕು ತಾಲ್ಲೂಕಿನಲ್ಲೂ ಹೇಳುತ್ತಿದ್ದರು.

ಆ ಹೆಸರಿಗೇ ಈಗ ಸಂಚಕಾರ ಬಂದಿತ್ತು.

ಆದದ್ದು ಇಷ್ಟು. ಪಾಲಪ್ಪನಿಗೆ ಕೆರೆಯ ಕೆಳಗೆ ಸ್ವಲ್ಪ ಎತ್ತರದಲ್ಲಿ ಒಂದು ತುಂಡು ನೆಲವಿತ್ತು, ತೊಟ್ಟಿ ಹೊಲ ಅಂತ ಹೆಸರು. ಅವನ ಅಪ್ಪನ ಕಾಲದಿಂದ ಅಲ್ಲಿ ರಾಗಿಯೇ ಬೆಳೆಯುತ್ತಿದ್ದರು, ಚೆನ್ನಾಗಿಯೇ ಬರುತ್ತಿತ್ತು. ಕೆರೆಯ ಕಾಲುವೆಯನ್ನು ಅಲ್ಲಿಯವರೆಗೆ ಎಳೆದ ಮೇಲೆ ಪಾಲಪ್ಪ ಅದನ್ನು ಗದ್ದೆ ಮಾಡಿದ. ಹಬ್ಬಕ್ಕೆ ನಮ್ಮದೇ ಗದ್ದೆಯ ಅಕ್ಕಿಯಲ್ಲಿ ಅನ್ನ ಮಾಡಬೇಕು ಅನ್ನುವುದು ಓಬಕ್ಕನ ಬಹಳ ದಿನದ ಆಸೆ. ಮೊದಲ ವರ್ಷ ಪೈರು ಬಂತು, ತೆನೆಯೂ ಬಂತು, ಅರ್ಧಕ್ಕರ್ಧ ಜಳ್ಳು. ನೆಲಕ್ಕೆ ಸತ್ವ ಸಾಲದು ಅಂದುಕೊಂಡು ಮಾರನೆ ಬೇಸಿಗೆಗೆ ಕರಿಯಕ್ಕನ ಮಂದೆಯನ್ನು ಕರೆಸಿ ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗೆ ತರುಬಿಸಿದ. ಆ ವರ್ಷ ಪೈರು ಕಪ್ಪಗೆ, ಸೊಂಟದುದ್ದ, ನೋಡಿದವರ ಕಣ್ಣು ಬೀಳುವ ಹಾಗೆ ಬೆಳೆಯಿತು. ತೆನೆ ಮಾತ್ರ ಬಾಗಲೇ ಇಲ್ಲ. ಕಾಳು ಕಟ್ಟಿದ ತೆನೆ ತಲೆ ತಗ್ಗಿಸಬೇಕಲ್ಲ, ಇವು ಕೊನೆಯವರೆಗೂ ಭರ್ಜಿಯ ಹಾಗೆ ನೆಟ್ಟಗೆ ನಿಂತಿದ್ದವು, ಕೈಯಲ್ಲಿ ಉಜ್ಜಿದರೆ ಬರೀ ಹೊಟ್ಟು. ಆಗಲೇ ಊರಲ್ಲಿ ಮಾತು ಹುಟ್ಟಿತು: ಮಂದೆ ಕೂತು ಮಣ್ಣು ಕೆಟ್ಟಿತು. ಈ ವರ್ಷದ ಬೇಸಿಗೆಯಲ್ಲಿ ಕೆರೆಯ ಕೆಳಗಿನ ಒಬ್ಬರೂ ಕರಿಯಕ್ಕನಿಗೆ ಎಲೆ ಅಡಿಕೆ ಕೊಡಲಿಲ್ಲ. ಮದಲೂರಿನಲ್ಲೂ ಒಂದಿಬ್ಬರು ಮುಖ ತಿರುಗಿಸಿದರು. ಪಾಲಪ್ಪ ಹಟಕ್ಕೆ ಬಿದ್ದು ಅದೇ ಗದ್ದೆಯಲ್ಲಿ ಮತ್ತೆ ನಾಟಿ ಹಾಕಿಸಿದ್ದ. ಈ ಸಲವೂ ತೆನೆ ಜಳ್ಳಾದರೆ ಮಾತು ಪಾವಗಡದವರೆಗೂ ಹೋಗುತ್ತದೆ, ಆಮೇಲೆ ಕುರಿಗಳನ್ನು ಎಲ್ಲಿ ಮಲಗಿಸುವುದು? ಇದನ್ನು ಯೋಚಿಸಿ ಯೋಚಿಸಿಯೇ ಕರಿಯಕ್ಕ ಮೊಣಕಾಲು ನೋವನ್ನೂ ಲೆಕ್ಕಿಸದೆ ಹಟ್ಟಿಯಿಂದ ನಡೆದುಕೊಂಡು ಬಂದಿದ್ದಳು, ಸಮಾಧಾನದ ಮಾತು ಆಡೋಣ ಅಂತ. ಆದರೆ ವಾಸನೆಗೆ ಏನು ಸಮಾಧಾನ ಹೇಳುವುದು?

ಅಷ್ಟರಲ್ಲಿ ಪಾಲಪ್ಪ ಕಾಯುತ್ತಿದ್ದವರು ಬಂದರು. ಬೇಸಾಯದ ಇನ್ಸ್‌ಪೆಕ್ಟರ್ ಚಂದ್ರಶೇಖರಯ್ಯ, ವಯಸ್ಸು ಚಿಕ್ಕದು, ಕೋಟು ದೊಡ್ಡದು. ಕಬ್ಬಿಣದ ನೇಗಿಲು ತೋರಿಸಲು ಊರಿಗೆ ಬಂದಿದ್ದವರಿಗೆ ಪಾಲಪ್ಪ ಗದ್ದೆಗೆ ಬರಲು ಹೇಳಿಕಳಿಸಿದ್ದ. ಕುರಿ ಗೊಬ್ಬರದಿಂದಲೇ ನೆಲ ಕೆಟ್ಟಿತು ಅಂತ ಸರ್ಕಾರದವರ ಬಾಯಿಂದಲೇ ಹೇಳಿಸಿಬಿಡೋಣ ಅಂತ ಅವನ ಯೋಚನೆ. ಗೊಬ್ಬರದ್ದೇನೂ ತಪ್ಪಿಲ್ಲ ಅಂತ ಇದೇ ಮನುಷ್ಯ ಹೇಳಲಿ ದೇವರೇ ಅಂತ ಕರಿಯಕ್ಕನ ಯೋಚನೆ.

ಚಂದ್ರಶೇಖರಯ್ಯನವರು ಬೂಟು ಕಳಚಿ ಬದುವಿನ ಮೇಲಿಟ್ಟು, ಗದ್ದೆಗೆ ಇಳಿದು, ಬೊಗಸೆ ಕೆಸರು ಎತ್ತಿ ಮೂಸಿದರು. ಇನ್ನೊಂದು ಸಲ ಮೂಸಿದರು. ಅವರ ಮುಖ ನೋಡಬೇಕಿತ್ತು, ಹಬ್ಬದ ದಿನದ ಮಕ್ಕಳ ಮುಖದ ಹಾಗೆ ಅರಳಿಬಿಟ್ಟಿತು. ಕಾಲೇಜಿನಲ್ಲಿ ಅವರ ಮೇಷ್ಟ್ರು ಹೇಳಿದ್ದ ಒಂದು ಸಂಗತಿ ನೆನಪಾಗಿತ್ತು. ಯೂರೋಪಿನಲ್ಲಿ ಹಿಂದೆ ಗೋಡೆಗೆ ಅಂಟಿಸುವ ಕಾಗದಕ್ಕೆ ಪಾಷಾಣ, ಅಂದರೆ ಆರ್ಸೆನಿಕ್, ಬೆರೆತ ಹಸಿರು ಬಣ್ಣ ಹಾಕುತ್ತಿದ್ದರಂತೆ. ಥಂಡಿಗೆ ಆ ಕಾಗದದ ಮೇಲೆ ಬೂಸ್ಟು ಬಂದರೆ ಕೋಣೆಯೆಲ್ಲ ಬೆಳ್ಳುಳ್ಳಿ ವಾಸನೆ. ಬೂಸ್ಟೇ ಪಾಷಾಣವನ್ನು ಆವಿಯಾಗಿ ತಿರುಗಿಸಿ ಗಾಳಿಗೆ ಬಿಡುತ್ತಿತ್ತಂತೆ.

"ಇಲ್ಲಿ ಯಾವಾಗಲಾದರೂ ಪಾಷಾಣ ಬಿದ್ದಿತ್ತೇನ್ರೀ?" ಎಂದು ಕೇಳಿದರು.

ಪಾಲಪ್ಪನಿಗೆ ಸಿಟ್ಟು ಬಂತು. ನನ್ನ ಅನ್ನಕ್ಕೆ ನಾನೇ ವಿಷ ಇಕ್ಕೊಳ್ಳೋಕೆ ನನಗೇನು ಬುದ್ಧಿ ಕೆಟ್ಟಿದೆಯಾ ಎಂದು ಗೊಣಗಿದ. ಆದರೆ ಬದುವಿನ ಮೇಲೆ ಕರಿಯಕ್ಕ ತನ್ನ ಎರಡೂ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಮುಂಗೈಯಲ್ಲಿ ಹಳೆಯ ಕಲೆಗಳಿದ್ದವು, ಕಪ್ಪು ಬಿಳುಪು ಚುಕ್ಕೆ. ಅವು ಇರುವುದೇ ಮರೆತುಹೋಗಿತ್ತು ಅವಳಿಗೆ.

"ತೊಟ್ಟಿ ಇಲ್ಲೇ ಅಲ್ವಾ ಇದ್ದಿದ್ದು," ಎಂದಳು.

ತೊಟ್ಟಿ ಹೊಲ ಅಂತ ದಿನಾ ಕರೆಯುತ್ತಿದ್ದರೂ ಯಾವ ತೊಟ್ಟಿ ಅಂತ ಯಾರೂ ಯೋಚಿಸುತ್ತಿರಲಿಲ್ಲ. ಅವಳು ಹೊಸ ಸೊಸೆಯಾಗಿದ್ದಾಗ ಕುರಿಗಳಿಗೆ ಕಜ್ಜಿ ಬಂದು ತುಪ್ಪಟ ಉದುರಿಹೋಗುತ್ತಿತ್ತು. ಉಣ್ಣೆ ಕೊಳ್ಳುವ ಯಾವುದೋ ಕಂಪನಿಯವರು ಬಂದು ಇಲ್ಲಿ ಉದ್ದಕ್ಕೆ ಒಂದು ಗಾರೆ ತೊಟ್ಟಿ ಕಟ್ಟಿಸಿ, ನೀರು ತುಂಬಿ, ಡಬ್ಬಿಯಿಂದ ಪುಡಿ ಸುರಿದು ಕಲಕಿ, ಸುತ್ತಲ ಹಟ್ಟಿಗಳ ಕುರಿಗಳನ್ನೆಲ್ಲ ಒಂದೊಂದಾಗಿ ಅದರಲ್ಲಿ ಮುಳುಗಿಸಿ ಎಬ್ಬಿಸುತ್ತಿದ್ದರು. ಬೆದರಿ ನಿಂತ ಕುರಿಯ ಕತ್ತು ಹಿಡಿದು ಎಳೆಯುವ ಕೆಲಸ ಕರಿಯಕ್ಕನದು, ಮೊಣಕೈವರೆಗೆ ಆ ನೀರಿನಲ್ಲೇ. ಕೈ ಬಾಯಿಗೆ ಇಡಬೇಡ ಅಂತ ಮಾತ್ರ ಹೇಳಿದ್ದರು. ಕಜ್ಜಿ ಹೋಯಿತು. ಕಂಪನಿಯವರೂ ಹೋದರು. ನಾಲ್ಕಾರು ವರ್ಷದ ತೊಟ್ಟಿಯ ನೀರೆಲ್ಲ ಇದೇ ನೆಲಕ್ಕೆ ಇಂಗಿತ್ತು, ಆಮೇಲೆ ಗಾರೆ ಒಡೆದು ಉತ್ತು ರಾಗಿ ಹಾಕಿದರು.

"ಅದೇ, ಕಜ್ಜಿಗೆ ಹಾಕಿದ ಆ ಪುಡಿಯೇ ಪಾಷಾಣ," ಎಂದರು ಚಂದ್ರಶೇಖರಯ್ಯ, ಅವಳ ಕಥೆ ಕೇಳಿ. ಅಲ್ಲಿಂದ ಅವರ ಮಾತನ್ನು ಹಿಡಿಯುವವರೇ ಇರಲಿಲ್ಲ. ಅವರು ಹೇಳಿದ್ದರಲ್ಲಿ ಸ್ವಲ್ಪ ಓದಿದ್ದು, ಸ್ವಲ್ಪ ಊಹೆ. ಊಹೆ ಅಂತ ಅವರೇ ಒಪ್ಪಿಕೊಂಡರು. ಮಣ್ಣು ಅಂದರೆ ಬರೀ ಮಣ್ಣಲ್ಲ, ಚಿಟಿಕೆ ಮಣ್ಣಿನಲ್ಲಿ ಒಂದು ಪೇಟೆಯಷ್ಟು ಜೀವಗಳಿವೆ, ಕಣ್ಣಿಗೆ ಕಾಣುವುದಿಲ್ಲ. ರಾತ್ರಿ ಮುಚ್ಚಿಟ್ಟ ಅಂಬಲಿ ಬೆಳಗಾಗುವುದರಲ್ಲಿ ಹುಳಿಯಾಗುತ್ತದಲ್ಲ, ಅದಕ್ಕೆ ಯಾರು ಬಂದು ಹುಣಿಸೆ ಹಿಂಡಿದರು? ಅಂಥ ಜೀವಗಳೇ. ಪಾಷಾಣ ಬಿದ್ದು ಎಷ್ಟು ವರ್ಷವಾದರೂ ಮಣ್ಣಿನಲ್ಲಿ ಹಾಗೇ ಇರುತ್ತದೆ, ಮಾಯವಾಗುವ ವಸ್ತುವಲ್ಲ ಅದು. ನೆಲ ಒಣಗಿರುವಾಗ, ಗಾಳಿ ಆಡುತ್ತಿರುವಾಗ, ಕೆಂಪು ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕಿಗೆ ಅಂಟಿಕೊಂಡು ತೆಪ್ಪಗಿರುತ್ತದೆ. ಅದಕ್ಕೇ ರಾಗಿಗೆ ಏನೂ ಆಗಲಿಲ್ಲ. ನೀರು ನಿಲ್ಲಿಸಿದಿರೋ, ಮಣ್ಣಿನೊಳಗೆ ಗಾಳಿ ಇಲ್ಲ. ಆ ಜೀವಗಳು ಉಸಿರಿಗೆ ಒದ್ದಾಡಿ, ಗಾಳಿಯ ಬದಲು ಆ ತುಕ್ಕನ್ನೂ ಆ ಪಾಷಾಣವನ್ನೂ ಬಳಸಿಕೊಳ್ಳುತ್ತವೆ. ತುಕ್ಕು ಕರಗುತ್ತದೆ, ಪಾಷಾಣ ಬೇರೆ ರೂಪಕ್ಕೆ ತಿರುಗಿ, ಹಿಡಿತ ಬಿಟ್ಟು ನೀರಿಗೆ ಇಳಿಯುತ್ತದೆ, ಭತ್ತದ ಬೇರು ಅದನ್ನು ಕುಡಿಯುತ್ತದೆ. ಒಂದಿಷ್ಟನ್ನು ಅವು ಆವಿ ಮಾಡಿ ಮೇಲಕ್ಕೆ ಬಿಡುತ್ತವೆ, ಅದೇ ಈ ಬೆಳ್ಳುಳ್ಳಿ ವಾಸನೆ. ತೆನೆ ಜಳ್ಳಾಗಿ ನೆಟ್ಟಗೆ ನಿಲ್ಲುವುದೂ ಅದರಿಂದಲೇ ಇರಬೇಕು.

ಕರಿಯಕ್ಕನಿಗೆ ಎದೆಯ ಭಾರ ಇಳಿದ ಹಾಗಾಯಿತು. ಕುರಿಯ ಸುದ್ದಿಯೇ ಇದರಲ್ಲಿ ಇಲ್ಲವಲ್ಲ. ಹಾಗಾದರೆ ಗೊಬ್ಬರದ್ದೇನೂ ಇಲ್ಲ ಅಲ್ವಾ ಸ್ವಾಮಿ ಎಂದು ಅವಳು ಕೇಳಿದಳು. ಕೇಳಬಾರದಿತ್ತು.

ಚಂದ್ರಶೇಖರಯ್ಯನವರು ಸುಳ್ಳು ಹೇಳುವ ಮನುಷ್ಯರಲ್ಲ. ಗೊಬ್ಬರ ಆ ಜೀವಗಳಿಗೆ ಹಬ್ಬದೂಟ ಇದ್ದ ಹಾಗೆ ಎಂದರು. ತಿಂದಷ್ಟೂ ಅವು ಹೆಚ್ಚುತ್ತವೆ, ಹೆಚ್ಚಿದಷ್ಟೂ ಉಳಿದ ಗಾಳಿಯೂ ಬೇಗ ಮುಗಿಯುತ್ತದೆ, ಪಾಷಾಣ ಇನ್ನೂ ಜಾಸ್ತಿ ಬಿಡುತ್ತದೆ. ಮೊದಲ ವರ್ಷ ಅರ್ಧ ಜಳ್ಳಾದದ್ದು, ಮಂದೆ ಕೂತ ವರ್ಷ ಪೂರ್ತಿ ಜಳ್ಳಾದದ್ದು ಅದಕ್ಕೇ.

"ಅಂದ್ರೆ ಕುರೀದೇ ತಪ್ಪು ಅಂದಂಗಾಯ್ತು," ಎಂದ ಪಾಲಪ್ಪ.

ಇನ್ಸ್‌ಪೆಕ್ಟರು ತಪ್ಪು ಅಂತಲ್ಲ, ತಪ್ಪು ಅಂತಲ್ಲ ಎಂದು ಎರಡು ಸಲ ಹೇಳಿದರು, ಅದು ಯಾರ ಕಿವಿಗೂ ಬೀಳಲಿಲ್ಲ. ಕರಿಯಕ್ಕನಿಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ, ಅಲ್ಲೇ ಬದುವಿನ ಮೇಲೆ ಮಲಗಿಬಿಡೋಣ ಅನ್ನಿಸಿತು, ಅಷ್ಟು ಆಯಾಸ. ಇಷ್ಟು ವರ್ಷ ಒಳ್ಳೆಯ ಗೊಬ್ಬರ, ಒಳ್ಳೆಯ ಗೊಬ್ಬರ ಅಂತ ಹೊಗಳಿಸಿಕೊಂಡು ನಡೆದದ್ದು. ಆ ಒಳ್ಳೆಯದೇ ಇಲ್ಲಿ ಕೆಟ್ಟದ್ದಾಯಿತು ಅಂತ ಯಾವ ಊರಿನವರಿಗೆ ಕೂತು ಬಿಡಿಸಿ ಹೇಳುವುದು? ಅಂಬಲಿಯ ಕಥೆಯನ್ನೆಲ್ಲ ಕೇಳುವಷ್ಟು ವ್ಯವಧಾನ ಯಾರಿಗಿದೆ? ಮಂದೆ ಕೂತು ಮಣ್ಣು ಕೆಟ್ಟಿತು ಅನ್ನುವುದು ಎಷ್ಟು ಸಲೀಸಾದ ಮಾತು.

ದಾರಿಯೊಂದು ಇದೆ ಎಂದು ಇನ್ಸ್‌ಪೆಕ್ಟರೇ ಹೇಳಿದರು. ಅಮೆರಿಕದ ಭತ್ತದ ಸೀಮೆಯಲ್ಲೂ ಹೀಗೆ ತೆನೆ ನೆಟ್ಟಗೆ ನಿಲ್ಲುವ ರೋಗ ಕಾಣಿಸಿಕೊಂಡು, ಹೊಡೆ ಕಟ್ಟುವ ಮುಂಚೆ, ಅಂದರೆ ಪೈರಿನೊಳಗೆ ತೆನೆ ಮೂಡುವ ಮುಂಚೆ, ನೀರು ಬಸಿದು, ನೆಲ ಬಿರುಕು ಬಿಡುವವರೆಗೆ ಒಣಗಿಸಿ ಮತ್ತೆ ನೀರು ಕಟ್ಟಿದರೆ ಕಾಳು ಕಟ್ಟಿತು ಅಂತ ಅವರು ಓದಿದ್ದರು. ಬಿರುಕಿನಿಂದ ಗಾಳಿ ಒಳಗೆ ಹೋದರೆ ಆ ಜೀವಗಳ ಆಟ ನಿಲ್ಲುತ್ತದೆ, ಪಾಷಾಣ ತುಕ್ಕಿಗೆ ಮತ್ತೆ ಅಂಟಿಕೊಳ್ಳುತ್ತದೆ. ಪಾಲಪ್ಪ ಅದಕ್ಕೆ ಸುತರಾಂ ಒಪ್ಪಲಿಲ್ಲ. ನೀರುಗಂಟಿಗೆ, ಅಂದರೆ ಕೆರೆ ನೀರು ಹಂಚುವವನಿಗೆ, ಕೈ ಮುಗಿದು ಕಾಲು ಹಿಡಿದು ತಂದ ನೀರು. ಅದನ್ನು ತಾನೇ ಹೊರಕ್ಕೆ ಬಿಟ್ಟು ಪೈರು ಒಣಗಿಸಿದರೆ ಊರವರು ನಗುವುದಿಲ್ಲವೇ?

ಆಗ ಕರಿಯಕ್ಕ, ಗದ್ದೆಯನ್ನು ಎರಡು ಮಡಿಯಾಗಿ ಪಾಲು ಮಾಡಿದ್ದ ಆ ಬದುವಿಗೆ ಕೈಯೂರಿ ಎದ್ದು ನಿಂತಳು.

"ಪೂರ್ತಿ ಬ್ಯಾಡ ಕಣಣ್ಣ. ಮೇಲಿನ ಮಡಿ ಒಂದು ಒಣಗ್ಸು, ಕೆಳಗಿಂದು ನೀರಲ್ಲೇ ಇರ್ಲಿ. ಎರಡೂ ಒಂದೇ ನಮೂನಿ ಜಳ್ಳಾದ್ರೆ ನಾನು ಈ ಕೆರೆ ಕಡೆ ಕುರಿ ಹೊಡ್ಕೊಂಡು ಇನ್ಯಾವತ್ತೂ ಬರಾಕಿಲ್ಲ. ಯಾರು ಕರೆದ್ರೂ ಬರಾಕಿಲ್ಲ. ಮೇಲಿನ ಮಡಿ ಕಾಳು ಕಟ್ತೋ, ತೊಟ್ಟಿ ನೀರಿಂದ ಆಗಿದ್ದು ಇದು, ಕರಿಯಕ್ಕನ ಮಂದೆಯಿಂದ ಅಲ್ಲ ಅಂತ ನೀನೇ ಊರಾಗೆ ಹೇಳ್ಬೇಕು."

ಮುದ್ದಪ್ಪ "ಅತ್ಗೆ, ಸುಮ್ಕಿರು" ಎಂದು ಸೀರೆಯ ಸೆರಗು ಎಳೆದ. ಅವಳು ಕೇಳಲಿಲ್ಲ. ಪಾಲಪ್ಪ ಓಬಕ್ಕನ ಕಡೆ ನೋಡಿದ. ಓಬಕ್ಕ ಕಳೆಯ ಕಂತೆಯನ್ನು ಬದುವಿಗೆ ಎಸೆದು, "ಹೋದ ಸಲ ಹೆಂಗಿದ್ರೂ ಬರೀ ಹೊಟ್ಟು ಬಂತು. ಒಂದು ಮಡಿ ತಾನೆ, ಬುಡು," ಎಂದಳು. ಹೋಗುವ ಮುಂಚೆ ಚಂದ್ರಶೇಖರಯ್ಯನವರು ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದರು. ಕಾಳು ಕಟ್ಟಿದರೂ ಒಂದು ಹಿಡಿ ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸುವವರೆಗೆ ಉಣ್ಣಕೂಡದು, ಈ ಗದ್ದೆಯ ಹುಲ್ಲನ್ನು ದನ ಕುರಿಗೆ ಹಾಕಕೂಡದು.

ಆಮೇಲಿನ ವಾರಗಳು ಕರಿಯಕ್ಕನಿಗೆ ಬಹಳ ಉದ್ದವಾದವು. ವಾರಕ್ಕೊಂದು ಸಲ ಹಟ್ಟಿಯಿಂದ ಕಳ್ಳಂಬೆಳ್ಳಕ್ಕೆ ನಡೆಯುವುದು, ಬದುವಿನ ಮೇಲೆ ಕೂತು ನೋಡುವುದು, ಎದ್ದು ಹಿಂದಿರುಗುವುದು. ಮೇಲಿನ ಮಡಿಯ ನೀರು ಬಸಿದು, ಕೆಸರು ಗಟ್ಟಿಯಾಗಿ, ಕೈಬೆರಳು ಇಳಿಯುವಷ್ಟು ಬಿರುಕು ಬಿಟ್ಟಿತು. ಪೈರಿನ ಎಲೆಗಳು ಸುರುಳಿ ಸುತ್ತಿಕೊಂಡವು. ದಾರಿಯಲ್ಲಿ ಹೋಗುವವರು ಪಾಲಪ್ಪನನ್ನು, ಏನ್ಲಾ ಪಾಲ, ಕೆರೆ ಕೆಳಗೆ ಕೂತ್ಕೊಂಡು ಮಳೆಗೆ ಕಾಯ್ತಿದ್ದೀಯಾ ಎಂದು ಕೆಣಕಿದರು. ಪಾಲಪ್ಪ ಆ ಸಿಟ್ಟನ್ನು ಕರಿಯಕ್ಕನ ಮೇಲೆ ತೀರಿಸಿಕೊಂಡ. ಒಂದು ವಾರವಂತೂ ಅವಳ ಮುಖವನ್ನೂ ನೋಡಲಿಲ್ಲ. ಅವಳು ಬಿರುಕಿನ ಹತ್ತಿರ ಮುಖ ತಂದು ಮೂಸಿ ನೋಡಿದಳು. ಬರೀ ಮಣ್ಣಿನ ವಾಸನೆ. ಕೆಳಗಿನ ಮಡಿಗೆ ಕಾಲಿಟ್ಟರೆ ಗುಳ್ಳೆ ಎದ್ದು ಅದೇ ಬೆಳ್ಳುಳ್ಳಿ. ಇಷ್ಟು ವ್ಯತ್ಯಾಸ ಸಾಕಲ್ಲವೇ ಅಂತ ಒಂದು ಮನಸ್ಸು, ವಾಸನೆಯಿಂದ ಯಾರ ಹೊಟ್ಟೆ ತುಂಬುತ್ತದೆ ಅಂತ ಇನ್ನೊಂದು.

ಪೈರು ಇನ್ನೇನು ಸುಟ್ಟೇಹೋಯಿತು ಅನ್ನುವಾಗ ಮತ್ತೆ ನೀರು ಬಿಟ್ಟರು. ಎಲೆ ಬಿಚ್ಚಿಕೊಂಡಿತು. ದೀಪಾವಳಿಯ ಹೊತ್ತಿಗೆ ಎರಡೂ ಮಡಿಯಲ್ಲಿ ತೆನೆ ಹೊರಬಂತು, ಮತ್ತು ಎರಡೂ ಕಡೆ ನೆಟ್ಟಗೆ ನಿಂತಿತ್ತು. ಎಳೆಯ ತೆನೆ ಎಲ್ಲಿಯೂ ಮೊದಲು ನೆಟ್ಟಗೇ ಇರುತ್ತದೆ, ಕರಿಯಕ್ಕನಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಆ ದಿನ ಹಿಂದಿರುಗುವಾಗ ದಾರಿಯಲ್ಲಿ ಎರಡು ಕಡೆ ಕೂತಳು. ಮುದ್ದಪ್ಪ ಕತ್ತೆ ತರಲಾ ಅತ್ಗೆ ಎಂದಾಗ, ಕತ್ತೆಗೂ ವಯಸ್ಸಾಯಿತು ಬಿಡು ಎಂದಳು.

ಆಮೇಲೆ ಎರಡು ವಾರ ಹೋಗಲೇ ಇಲ್ಲ. ಹೋಗಿ ಏನು ನೋಡುವುದು ಅನ್ನಿಸಿತ್ತು. ಸೊಸೆ ನಾಗಕ್ಕ ರೊಟ್ಟಿ ಕಟ್ಟಿಕೊಟ್ಟು, ಆಗೋದು ಆಗಿಹೋಗಿರ್ತದೆ, ನೋಡ್ಕೊಂಡಾದ್ರೂ ಬಾರತ್ತೆ ಎಂದು ಬಲವಂತ ಮಾಡಿ ಕಳಿಸಿದಳು.

ಗದ್ದೆಯಲ್ಲಿ ಪಾಲಪ್ಪ ಮೇಲಿನ ಮಡಿಯ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ. ಕೆಳಗಿನ ಮಡಿ ಹೋದ ವರ್ಷದ ಹಾಗೆಯೇ, ಭರ್ಜಿ ನೆಟ್ಟ ಹಾಗೆ, ಗಾಳಿಗೆ ಜಳಜಳ ಸದ್ದು ಮಾಡುತ್ತಿತ್ತು. ಮೇಲಿನ ಮಡಿಯಲ್ಲಿ ಅಲ್ಲಲ್ಲಿ ಗುಂಪಾಗಿ ನೆಟ್ಟಗೆ ನಿಂತದ್ದು ಇತ್ತು, ಕಡಿಮೆಯೇನಲ್ಲ. ಆದರೆ ಹೆಚ್ಚಿನ ತೆನೆಗಳು ಬಾಗಿದ್ದವು. ಪಾಲಪ್ಪ ಒಂದು ಕಾಳನ್ನು ಉಗುರಿನಲ್ಲಿ ಒತ್ತಿದ. ಒಳಗಿನಿಂದ ಹಾಲು ಗಟ್ಟಿಯಾಗಿ ಹಿಟ್ಟಿನ ಹಾಗೆ ಬಂತು. ಅದನ್ನು ಹೆಬ್ಬೆರಳ ಮೇಲೆ ಹಾಗೇ ಹಿಡಿದು ಕರಿಯಕ್ಕನಿಗೆ ತೋರಿಸಿದ. ಅವಳು ಅದನ್ನು ನೋಡಿ ಬದುವಿನ ಮೇಲೆ ಕೂತಳು.

ಪಾಲಪ್ಪನೇ ಮಾತು ಶುರು ಮಾಡಿದ. ನಿನ್ನೆ ಚಾವಡಿಯಲ್ಲಿ ತೊಟ್ಟಿಯ ಕಥೆ ಹೇಳಿದ್ದಾನಂತೆ. ಅರ್ಧ ಜನ ನಂಬಿದರಂತೆ, ಉಳಿದರ್ಧ ಕಾಣದ ಜೀವಗಳು ಅಂದಿದ್ದಕ್ಕೆ ದೆವ್ವವೇ ಇರಬೇಕು ಅಂದರಂತೆ. ಆದರೂ ಮಂದೆಯ ಹೆಸರು ಎತ್ತಲು ಅವನು ಯಾರನ್ನೂ ಬಿಟ್ಟಿಲ್ಲವಂತೆ. ಬರುವ ವರ್ಷದಿಂದ ಇಲ್ಲಿ ಮತ್ತೆ ರಾಗಿಯೇ ಎಂದ. ಅನ್ನದ ಆಸೆ ಏನಾಯಿತು ಎಂದು ಕರಿಯಕ್ಕ ಓಬಕ್ಕನನ್ನು ಕೇಳಿದಳು. ಓಬಕ್ಕ ಬುತ್ತಿಯ ಗಂಟು ಬಿಚ್ಚುತ್ತ, ಮುದ್ದೆ ತಿಂದು ಸತ್ತವರು ಯಾರೂ ಇಲ್ಲ ಎಂದಳು. ಆಮೇಲೆ ಸೊಂಟದ ಚೀಲ ತೆಗೆದು, ಎಲೆ ಎರಡು, ಅಡಿಕೆ ಒಂದು ಹೋಳು, ಕರಿಯಕ್ಕನ ಕೈಯಲ್ಲಿಟ್ಟಳು.

"ಗದ್ದೆಗಲ್ಲ ಮತ್ತೆ. ಗುಡ್ಡದ ಮಗ್ಗುಲ ರಾಗಿ ಹೊಲ ಈ ವಾರ ಕೊಯ್ದು ಮುಗೀತದೆ. ಮುಂದಿನ ವಾರ ಬಂದು ತರುಬು."

ಕರಿಯಕ್ಕ ಎಲೆಯನ್ನು ಮಡಿಚಿ ಬಾಯಿಗೆ ಹಾಕಿಕೊಂಡಳು. ಖುಷಿಯಾಗಬೇಕಿತ್ತು, ಆಗುತ್ತಲೂ ಇತ್ತು ಒಳಗೆಲ್ಲೋ. ಅದಕ್ಕಿಂತ ಮುಂಚೆ ನೆನಪಾದದ್ದು ಕುರಿಗಳನ್ನು ಹೊಡೆದುಕೊಂಡು ಬರಬೇಕಾದ ದಾರಿ, ಹಳ್ಳ, ಮಂದೆ ಕೂಡುವ ತಡಿಕೆ ಹೊರುವುದು, ಕತ್ತೆಯ ಬೆನ್ನಿನ ಹುಣ್ಣು.

"ಈ ಗದ್ದೆ ಹುಲ್ಲು ಬಣವೆಗೆ ಒಟ್ಬ್ಯಾಡಿ ಮತ್ತೆ," ಎಂದಳು. "ನಮ್ಮವು ಬಾಯಾಕ್ತವೆ."

ಅದನ್ನು ಬೇರೆ ಕಡೆ ಹಾಕಿ ಮುಳ್ಳು ಹೊದಿಸುತ್ತೇನೆ ಎಂದ ಪಾಲಪ್ಪ. ಯಾವತ್ತು ಬರ್ತೀಯ ಎಂದು ಕೇಳಿದ.

"ಬುಧವಾರ ಇಟ್ಕೊಳ್ಳಣ್ಣ. ಸಂಜೆ ಆಗ್ತದೆ. ಈಗೀಗ ಬ್ಯಾಗ ನಡೆಯಾಕಾಗಲ್ಲ."